ಎರಡೆಲೆ ಬಾಗಿಲು

ಕಂಚಿಗಡದ ಕೋಟೆಗೆ ಏಳು ಬಾಗಿಲು. ಆರರ ಕಥೆ ಹೇಳಲು ಬೋರ್ಡುಗಳಿವೆ, ಏಳನೆಯದಕ್ಕೆ ನಾನಿದ್ದೇನೆ. ನನ್ನ ಹರೆಯದಲ್ಲಿ ಈ ಬಾಗಿಲ ಮುಂದೆ ಬಿದ್ದಿದ್ದ ಫಿರಂಗಿಯನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಕೆರೆಯ ತನಕ ಹೋಗಿ, ತೊಳೆದು, ತಿರುಗಿ ತಂದಿಟ್ಟಿದ್ದೆ. ಕಣ್ಣಾರೆ ಕಂಡವರು ಒಂಬತ್ತು ಮಂದಿ. ಒಂಬತ್ತೂ ಮಂದಿ ಈಗಿಲ್ಲ, ಫಿರಂಗಿಯೂ ಇಲ್ಲ. ಮೊನ್ನೆ ಭಾನುವಾರ ಹರಿಹರದಿಂದ ಊರು ನೋಡಲು ಬಂದ ಸಂಸಾರವೊಂದಕ್ಕೆ, ಬಾಗಿಲ ಹೊರಗಿನ ನನ್ನ ಕಲ್ಲಿನ ಮೇಲೆ ಕೂತು ಇದನ್ನೇ ಹೇಳಿದೆ. ಗಂಡ, ಹೆಂಡತಿ, ಗಂಡನ ತಾಯಿ. ಆ ಗಂಡಸಿಗೆ ನಿಂತಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಎರಡಕ್ಕೆ ಅರಮನೆ, ಮೂರಕ್ಕೆ ಗುಡಿ, ಐದಕ್ಕೆ ಬಸ್ಸು ಎಂದು ಬೆರಳು ಮಡಿಸುತ್ತ, "ಯಜಮಾನ್ರೆ, ಹೆಸರೊಂದು ಹೇಳಿಬಿಡ್ರಿ, ಫೋಟೊ ತಗಂಡು ಹೊರಡ್ತೀವಿ" ಎಂದ. ಹೆಸರು ಒಂದೇ ಉಸಿರಿಗೆ ಮುಗಿಯುತ್ತದೆ, ಎರಡೆಲೆ ಬಾಗಿಲು. ಆದರೆ ಅದು ಹುಟ್ಟಲು ಇಪ್ಪತ್ತೊಂದು ದಿನ ಹಿಡಿದಿತ್ತು. ಈ ಕಮಾನು ಎಂಥದ್ದೆಂದರೆ, ಮೇಲೆ ಆನೆ ಕುಣಿದರೂ ಒಂದು ಹರಳು ಉದುರದು. ನಲವತ್ತು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಇದರ ಕೆಳಗೇ. ಹಾಗೆಂದು ಹೇಳಿ ಕಥೆ ಹಿಡಿದೆ.

ಹಿಂದೆ ಒಮ್ಮೆ, ಈ ಗಡವನ್ನು ಬೊಪ್ಪನಾಯಕನೆಂಬ ದೊರೆ ಆಳುತ್ತಿದ್ದಾಗ, ಕೆರೆಯ ಕಡೆಗೊಂದು ಬಾಗಿಲು ಬೇಕೆನಿಸಿತು. ಕಟ್ಟಲು ಬಂದವನು ಗಾರೆ ಕೆಲಸದ ಬೀರೋಜ, ನಮ್ಮ ವಂಶದ ಹಿರೀಕ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಅರೆಯಿಸಿ, ಇಟ್ಟಿಗೆಗೆ ಇಟ್ಟಿಗೆ ಕಚ್ಚಿಸಿ ಕಮಾನು ಏರಿಸಿದ. ಹಸಿ ಗಾರೆ ಇಪ್ಪತ್ತೊಂದು ದಿನ ನೀರು ಕುಡಿಯಬೇಕು. ಅಷ್ಟೂ ದಿನ ಕಮಾನಿನ ಭಾರವನ್ನು ಕೆಳಗಿನ ಮರದ ಅಟ್ಟಣೆಯೇ ಹೊರಬೇಕು. ನಡುವೆ ಒಣಗಿದರೆ, ಇಲ್ಲವೇ ಅಟ್ಟಣೆ ತೆಗೆದರೆ, ಕುಸಿಯುತ್ತದೆ. ಆ ಕಾಲಕ್ಕೆ ಇನ್ನೊಂದು ಪದ್ಧತಿಯಿತ್ತು ಎನ್ನುತ್ತಾರೆ. ಅಟ್ಟಣೆ ಬಿಚ್ಚುವಾಗ ಕಟ್ಟಿದವನು ಅದೇ ಕಮಾನಿನ ಕೆಳಗೆ ಎಲೆ ಹಾಕಿಕೊಂಡು ಊಟಕ್ಕೆ ಕೂರಬೇಕು, ಕೊನೆಯ ತುತ್ತಿನ ತನಕ ಏಳುವಂತಿಲ್ಲ. ನಿಂತರೆ ಬಾಗಿಲು, ಬಿದ್ದರೆ ಗೋರಿ.

ನೀರು ಹೊಯ್ಯುವ ಪಾಲು ಬೀರೋಜನ ಹೆಂಡತಿ ಹೊನ್ನವ್ವನದು. ಸುಡುಬೇಸಿಗೆ. ಕೆರೆಯಿಂದ ಬಾಗಿಲಿಗೆ, ಬಾಗಿಲಿಂದ ಕೆರೆಗೆ. ಹೊಯ್ದ ನೀರು ಅವಳು ಬೆನ್ನು ತಿರುಗಿಸುವಷ್ಟರಲ್ಲಿ ಆರುತ್ತಿತ್ತು. ದಿನಕ್ಕೆ ನೂರು ಕೊಡ ಎನ್ನುತ್ತಾರೆ, ನಾನು ಸಾವಿರ ಎನ್ನುತ್ತೇನೆ. ಕೆರೆಯೇ ಮೂರು ಮೆಟ್ಟಿಲು ಕೆಳಗಿಳಿಯಿತು. ಅವಳ ನೆರಳು ಬಿದ್ದರೆ ಸಾಕು, ಮೀನುಗಳು ಆಚೆ ದಡಕ್ಕೆ ಓಡುತ್ತಿದ್ದವು. ಯಾರಾದರೂ "ಒಂಚೂರು ಕೂತ್ಕೊಳ್ಳೆ ತಾಯಿ" ಎಂದರೆ, "ನಾನು ಕೂತರೆ ಅದು ಅವನ ತಲೆ ಮೇಲೆ ಕೂರ್ತದೆ" ಎಂದು ಕಮಾನು ತೋರಿಸಿ ನಡೆದುಬಿಡುತ್ತಿದ್ದಳು. ಊಟವೂ ನಿಂತೇ. ನಿದ್ದೆಯಲ್ಲೂ ಕಾಲು ಆಡುತ್ತಿದ್ದವು ಎನ್ನುತ್ತಾರೆ.

ಹನ್ನೊಂದನೆಯ ದಿನ ದೊರೆಗೆ ಸುದ್ದಿ ಬಂತು. ಹೊಸ ಸೊಸೆಯ ದಿಬ್ಬಣ ಹತ್ತಿರ ಬಂದಿದೆ, ನಾಳೆ ಮಧ್ಯಾಹ್ನ ಒಳ್ಳೆಯ ಗಳಿಗೆ, ಕೆರೆಯ ದಿಕ್ಕಿನಿಂದಲೇ ಊರು ಹೊಗಬೇಕು. ಅಟ್ಟಣೆ ಇದ್ದರೆ ಅಂಬಾರಿಯ ಆನೆ ನುಗ್ಗುವುದೆಲ್ಲಿ? ನಾಳೆಯೇ ಬಿಚ್ಚಿ ಎಂದ. ಬೀರೋಜ ಒಲ್ಲೆ ಎನ್ನುವಂತಿರಲಿಲ್ಲ. ಒಲ್ಲೆ ಎಂದರೆ ಕೆಲಸ ಹುಸಿಯೆಂದು ಒಪ್ಪಿದಂತೆ, ಹುಸಿ ಕೆಲಸದವನನ್ನು ಗಡದ ತುದಿಯಿಂದ ತಳ್ಳುತ್ತಿದ್ದರು. ಮರುದಿನ ಮಿಂದು, ಕಮಾನಿನ ಕೆಳಗೆ ಬಂದು ಕೂತ. ಆಳುಗಳು ಅಟ್ಟಣೆಯ ಬೆಣೆಗಳಿಗೆ ಸುತ್ತಿಗೆ ಹಿಡಿದು ನಿಂತರು. ಊರೆಲ್ಲ ಮಾರುದೂರದಲ್ಲಿ ನೆರೆದಿತ್ತು. ಹೊನ್ನವ್ವ ಬಂದಳು. ಗಂಡನ ಮುಂದೆ ಮುತ್ತುಗದ ಎಲೆ ಹಾಕಿದಳು. ಅದರ ಪಕ್ಕದಲ್ಲಿ, ನೀರು ಚಿಮುಕಿಸಿ ನೆಲ ಒರೆಸಿ, ಇನ್ನೊಂದು ಎಲೆ ಹಾಕಿದಳು. ಎರಡಕ್ಕೂ ಬಿಸಿ ಅನ್ನ ಬಡಿಸಿ ದೊರೆಯ ಕಡೆ ತಿರುಗಿ ಕೈಮುಗಿದಳು. "ಕಟ್ಟಿದವನಿಗೊಂದೆಲೆ, ಕಟ್ಟಿಸಿದ ಧಣಿಗೊಂದೆಲೆ. ಬರ್ರಿ ಬುದ್ಧೀ, ಅನ್ನ ಆರ್ತದೆ."

ಬೊಪ್ಪನಾಯಕ ಎಲೆ ನೋಡಿದ. ಮೇಲೆ ಕಮಾನು ನೋಡಿದ. ಇನ್ನೂ ಹಸಿಯಾಗಿದ್ದ ಗಾರೆಯಿಂದ ತೊಟ್ಟು ನೀರು ಅನ್ನದ ಮೇಲೆ ಬಿತ್ತು. ಕರೆದ ಊಟಕ್ಕೆ ಒಲ್ಲೆನೆಂದರೆ ಊರ ಮುಂದೆ ದೊರೆಯ ಮೀಸೆ ಉಳಿಯದು. ಕೊನೆಗೆ, "ಇವತ್ತು ನಮಗೆ ಏಕಾದಶಿ" ಎಂದನಂತೆ. ಅಂದು ಏಕಾದಶಿ ಅಲ್ಲವೆಂದು ಪಕ್ಕದಲ್ಲಿದ್ದ ಜೋಯಿಸರಿಗೂ ಗೊತ್ತಿತ್ತು, ಅವರೇ ಮೊದಲು ಹೌದೆಂದು ತಲೆಯಾಡಿಸಿದರು. ಹೊಸ ಗಳಿಗೆ ಹತ್ತು ದಿನ ಆಚೆ ಸಿಕ್ಕಿತು. ದಿಬ್ಬಣದ ಆನೆಗಳು ಕೆರೆಯಾಚೆ ಕಾದು ನಿಂತು ಮೂರು ಊರಿನ ಕಬ್ಬು ತಿಂದವು. ಹೊನ್ನವ್ವ ಮಾತ್ರ ಆ ಮಧ್ಯಾಹ್ನವೇ ಕೊಡ ಎತ್ತಿಕೊಂಡು ಕೆರೆಗೆ ನಡೆದಳು. ಇಪ್ಪತ್ತೆರಡನೆಯ ದಿನ ಮತ್ತೆ ಎರಡೆಲೆ ಬಿತ್ತು. ದೊರೆಗೆ ಈ ಸಲ ಏಕಾದಶಿ ಸಿಗಲಿಲ್ಲ. ಕೂತ. ಬೆಣೆ ಕಿತ್ತರು, ಅಟ್ಟಣೆ ಇಳಿಯಿತು, ಕಮಾನು ನಿಂತಿತು. ಬೀರೋಜ ಮೂರು ಸಲ ಅನ್ನ ಕೇಳಿದ, ದೊರೆ ನಾಲ್ಕೇ ತುತ್ತಿಗೆ ಎದ್ದ. ಇಬ್ಬರೂ ಎದ್ದು ಹೊರಬಂದ ಮೇಲೆ ಹೊನ್ನವ್ವ ಹೊಸಿಲ ಮೇಲೆ ಕೂತಳು. ಮೊದಲ ಸಲ.

ಕಮಾನಿನ ಕೆಳಗೆ ಎಲೆಯಾಕಾರದಲ್ಲಿ ಕೆತ್ತಿದ ಎರಡು ಚಪ್ಪಡಿಗಳು ಈಗಲೂ ಇವೆ, ಕೆರೆಯ ದಾರಿಯ ಬಂಡೆ ಒಂದು ಪಾದದಗಲ ಸವೆದಿದೆ, ಬಂದವರೆಲ್ಲ ನೋಡಿ ಹೋಗುತ್ತಾರೆ. ನಾನು ಮುಗಿಸುವಷ್ಟರಲ್ಲಿ ಹರಿಹರದ ಗಂಡಸು ಗಡಿಯಾರ ನೋಡುವುದನ್ನು ಮರೆತಿದ್ದ. ಅವನ ಹೆಂಡತಿ ಚೀಲದಿಂದ ಮೊಸರನ್ನದ ಡಬ್ಬಿ ತೆಗೆದು, ಅತ್ತೆಯನ್ನು ನೆರಳಿಗೆ ಕರೆದೊಯ್ದು, ಚಪ್ಪಡಿಗಳ ಮೇಲೆ ಬಾಳೆ ಎಲೆ ಹರಡಿದಳು. ಒಂದು ಅತ್ತೆಗೆ. ಇನ್ನೊಂದಕ್ಕೂ ಬಡಿಸಿ ನನ್ನ ಕಡೆ ತಿರುಗಿದಳು.

"ಅಜ್ಜಾರೆ, ಬರ್ರಿ. ದಿನಾ ಇಲ್ಲೇ ಉಣ್ತೀರಂತಲ್ಲ."

"ನೀವು ಉಣ್ರಿ ತಾಯಿ. ನಂಗೆ ಬಿಸಿಲೇ ಒಗ್ಗಿದೆ."

ಅವಳು ಹೊರಗೆ ಬಂದು ನನ್ನ ಕಲ್ಲಿನ ಸುತ್ತ ನೋಡಿದಳು. "ನಿಮ್ಮ ಈರುಳ್ಳಿ ಸಿಪ್ಪೆ ಎಲ್ಲಾ ಇಲ್ಲೇ ಬಿದ್ದಾವೆ. ಒಳಗೆ ಒಂದೂ ಇಲ್ಲ."

ಒಳಗೆ ಅತ್ತೆ ತುತ್ತು ಅರ್ಧಕ್ಕೆ ನಿಲ್ಲಿಸಿ ಮೇಲೆ ನೋಡಿದಳು. ನಾನೂ ನೋಡಿದೆ. ಆಮೇಲೆ ಹೆಗಲು ಕುಣಿಸಿ, "ಇವತ್ತು ನಮಗೆ ಏಕಾದಶಿ" ಎಂದೆ.