ಶತಪದಿರಾಯರ ಐವತ್ತು ಜೊತೆ ಚಪ್ಪಲಿ

ಕಾಡಿನ ಫುಟ್‌ಬಾಲ್ ಮೈದಾನದಲ್ಲಿ ಚಹಾ ಕೊಡುವ ಕಿಟಕಿ ಇದ್ದದ್ದು ಒಂದೇ ಒಂದು. ಹಾಗಾಗಿ ಸಾಲಿನಲ್ಲಿ ಚಪ್ಪಲಿ ಬಿಟ್ಟು ಜಾಗ ಹಿಡಿಯುವುದು ಅಲ್ಲಿನ ರೂಢಿ. ನೂರು ಕಾಲಿನ ಶತಪದಿರಾಯರಿಗೆ ಇದಕ್ಕಿಂತ ಅನುಕೂಲ ಬೇಕೆ? ಆಟಕ್ಕೆ ಮೊದಲೇ ಬಂದು, ತಮಗೂ ನಂಟರಿಗೂ ಸೇರಿಸಿ ತಮ್ಮ ಕಾಲಿನ ಐವತ್ತು ಜೊತೆ ಚಪ್ಪಲಿಯನ್ನೂ ಸಾಲಾಗಿ ಬಿಟ್ಟರು.

ಇರುವೆಮ್ಮ ಅರ್ಜಿ ಹಿಡಿದು ಬಂದಳು. "ರಾಯರೇ, ಇನ್ನೊಂದು ಕಿಟಕಿ ಬೇಕೆಂದು ಕೇಳುತ್ತಿದ್ದೇವೆ. ಒಂದು ಸಹಿ ಹಾಕಿ."

"ನನಗ್ಯಾಕಮ್ಮ? ನನ್ನ ಜಾಗ ಭದ್ರವಾಗಿದೆ," ಎಂದು ರಾಯರು ಗ್ಯಾಲರಿ ಹತ್ತಿದರು.

ವಿರಾಮವಾಯಿತು. ಚಹಾ ಕಾಸುವ ಆಮೆಯಪ್ಪ ಕಿಟಕಿಯಿಂದ ಕತ್ತು ಹೊರಹಾಕಿದ. "ಯಾರ ಚಪ್ಪಲಿಯೋ ಅವರೇ ಮೆಟ್ಟಿ ನಿಲ್ಲಬೇಕು. ಅಲ್ಲಿಯವರೆಗೆ ಸಾಲು ಮುಂದೆ ಹೋಗದು."

ನಂಟರು ಮೆಲ್ಲನೆ ಜಾರಿಕೊಂಡರು. ರಾಯರು ಬಗ್ಗಿ ಒಂದೊಂದೇ ಮೆಟ್ಟತೊಡಗಿದರು. ಮೂವತ್ತೆಂಟನೆಯ ಜೊತೆಗೆ ಬರುವಷ್ಟರಲ್ಲಿ ಆಟ ಮತ್ತೆ ಶುರುವಾಗುವ ಸೀಟಿ ಕೇಳಿತು, ಕಿಟಕಿ ಮುಚ್ಚಿತು. ಹಿಂದಿದ್ದವರಿಗೂ ತೊಟ್ಟು ಚಹಾ ಸಿಗಲಿಲ್ಲ. ಅವರ ಬೈಗುಳವೆಲ್ಲ ರಾಯರಿಗೇ ಸಿಕ್ಕಿತು.

"ಇರುವೆಮ್ಮಾ, ಎಲ್ಲಿ, ಕೊಡು ಆ ಅರ್ಜಿ!" ಎಂದು ಒಣಗಿದ ಗಂಟಲಲ್ಲಿ ಕೂಗಿದರು.

"ಸಹಿ ಹಾಕುವುದಕ್ಕೂ ಈಗ ಸಾಲಿದೆ ರಾಯರೇ," ಎಂದಳು ಇರುವೆಮ್ಮ. "ಗೇಟಿನ ಹತ್ತಿರ ಹೋಗಿ ಕೊನೆಯಲ್ಲಿ ನಿಲ್ಲಿ. ಚಪ್ಪಲಿ ಬಿಟ್ಟರೆ ನಡೆಯುವುದಿಲ್ಲ."