ಕೆಂಚರಾಯನ ಕೌದಿ

"ಕೇಳಿರಪೋ ಕೇಳಿ. ಕಡವಿನಕೋಟೆಯ ದೊರೆ ಮಲ್ಲರಸರ ಅಪ್ಪಣೆ. ಐದು ವರ್ಷದ ರಾಜಕುಮಾರ ಬಸವಂತನಿಗೆ ಉಸಿರು ಕಟ್ಟುತ್ತಿದೆ. ಅದರ ಮೇಲೆ ದೊರೆಗಳದು ಮೂರು ಒಗಟು. ಬಿಡಿಸಿದವನಿಗೆ ಬೇಡಿದ್ದು ಉಂಟು, ತಪ್ಪಿದವನಿಗೆ ಶೂಲ." ಹೀಗಂತ ಮೂರು ದಿನ ಊರೂರಿಗೆ ಡಂಗುರ ಸಾರಿದರು.

ಮಗುವಿಗೆ ಉಸಿರಿಲ್ಲವೆಂದು ಮಂದಿಯ ಉಸಿರು ತೆಗೆಯುವುದು ಯಾವ ಸೀಮೆಯ ನ್ಯಾಯ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳುತ್ತೇನೆ. ಆದರೆ ಮಲ್ಲರಸ ಕೆಟ್ಟವನಲ್ಲ, ಹೆದರಿದವನು. ಮೂರು ವರ್ಷದ ಹಿಂದೆ ಅವನ ಹಿರಿಮಗ ಕೆಂಚರಾಯ ಜ್ವರ ಬಂದು ತೀರಿಹೋಗಿದ್ದ. ಉಳಿದದ್ದು ಇದೊಂದೇ ಕುಡಿ. ಹೆದರಿದವನ ಕೈಗೆ ಕತ್ತಿ ಕೊಟ್ಟರೆ ಇನ್ನೇನಾದೀತು ಹೇಳಿ.

ಮೊದಲು ಬಂದವನು ರಾಜವೈದ್ಯರ ಮಗ, ಜರಿಪಟಗ ಸುತ್ತಿಕೊಂಡು.

"ಶಿವರಾತ್ರಿ ಹತ್ತಿರವಾದರೆ ಬರುತ್ತದೆ, ಮುಂಗಾರು ಬಿದ್ದರೆ ಹೋಗುತ್ತದೆ. ಕಾವಲಿನವರಿಗೆ ಕಾಣದೆ ಒಳಗೆ ಬಂದು ಮಗುವಿನ ಕಣ್ಣು ಕೆಂಪಗೆ ಮಾಡುತ್ತದೆ, ಬೆಳಿಗ್ಗೆ ಎದ್ದರೆ ಮೂವತ್ತು ಸೀನು ಸೀನಿಸುತ್ತದೆ. ಏನದು?" ಎಂದ ದೊರೆ. "ಉತ್ತರ ನನಗೂ ಗೊತ್ತಿಲ್ಲ. ಮಗುವಿನ ಎದೆಯೇ ಹೇಳಬೇಕು."

"ಪಿತ್ತ, ಪ್ರಭು" ಎಂದು ವೈದ್ಯ ಲೇಹ್ಯ ನೆಕ್ಕಿಸಿದ. ಮಗು ಮರುದಿನವೂ ಸೀನಿ ಸೀನಿ ಸುಸ್ತಾಯಿತು. ವೈದ್ಯ ಸೆರೆಮನೆ ಸೇರಿದ. ಆಮೇಲೊಬ್ಬ ಮಂತ್ರವಾದಿ ಬಂದು "ಕೆಟ್ಟ ದೃಷ್ಟಿ" ಎಂದು ತಾಯತ ಕಟ್ಟಿದ. ಅವನೂ ಒಳಗೆ ಹೋದ. ಇಬ್ಬರಿಗೂ ಬರುವ ಅಮಾವಾಸ್ಯೆಗೆ ಶೂಲವೆಂದು ನಿಶ್ಚಯವಾಯಿತು.

ಆ ಹೊತ್ತಿಗೆ ಅರಮನೆಯ ಗಾದಿಗಳ ಹತ್ತಿ ಹಿಂಜಲು ದಾವಲಸಾಬನೆಂಬ ಬಡ ಪಿಂಜಾರ ಬಂದಿದ್ದ. ಗಾದಿ ಎತ್ತಲು ಮಗುವಿನ ಕೋಣೆಗೆ ಹೋದವನು ಏದುಸಿರು ಕೇಳಿ ಹೆಗಲ ಮೇಲಿನ ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟ, ನೇರ ದೊರೆಯ ಮುಂದೆ ಬಂದು ನಿಂತ. ಮೊದಲ ಒಗಟು ಆಗಲೇ ಅರಮನೆಯಲ್ಲೆಲ್ಲ ಬಾಯಿಂದ ಬಾಯಿಗೆ ಹರಡಿತ್ತು.

"ಮೊದಲನೇದು ಜಾಲಿ ಹೂವಿನ ಧೂಳರಿ. ಕಿಡಕಿ ಹೊರಗ ತೋಪೈತಿ, ಬೆಳಗಿನ ಗಾಳಿಗೆ ಧೂಳೆಲ್ಲ ಹಾಸಿಗ್ಗೆ ಬರತೈತಿ. ಹೂ ಮುಗಿಯೂತನಕ ಕಿಡಕಿ ಹಾಕ್ರಿ. ಕೂಸು ಆಡಿ ಬಂದ ಕೂಡಲೆ ಮಾರಿ ತೊಳೀರಿ, ಅಂಗಿ ಬದಲ ಮಾಡ್ರಿ."

ಆಸ್ಥಾನದವರು ನಕ್ಕರು. ಆದರೆ ನಾಲ್ಕನೇ ಬೆಳಿಗ್ಗೆ ಮಗು ಸೀನದೆ ಎದ್ದಿತು.

ದೊರೆ ಎರಡನೆಯದು ಕೇಳಿದ. "ದೀಪ ಹಚ್ಚುವ ಹೊತ್ತಿಗೆ ಬಂದು ಮಗುವಿನ ಗಂಟಲು ಹಿಡಿಯುತ್ತದೆ. ಓಡಿಸಿದಷ್ಟೂ ಬಿಗಿಯಾಗಿ ಹಿಡಿಯುತ್ತದೆ. ಏನದು?"

"ಓಡಸಾಕ ಏನ ಮಾಡತೀರಿ?"

"ಲೋಬಾನದ ಹೊಗೆ ಹಾಕಿಸುತ್ತೇವೆ. ಕೆಮ್ಮು ಹೆಚ್ಚಾದರೆ ಇನ್ನೂ ಎರಡು ಧೂಪಾರತಿ."

"ಆ ಹೊಗೀನ ಉತ್ತರರಿ."

ದೊರೆ ತಲೆ ಹಿಡಿದುಕೊಂಡ. ತನ್ನ ಕೈಯಾರೆ ಮಗುವಿಗೆ ಹೊಗೆ ಕುಡಿಸಿದೆನಲ್ಲ ಎಂದು ಧೂಪಾರತಿಗಳನ್ನೆಲ್ಲ ಹೊರಗೆ ಹಾಕಿಸಿದ. ಧೂಪ ನಿಂತ ವಾರದೊಳಗೆ ಸಂಜೆಯ ಕೆಮ್ಮು ತಗ್ಗಿತು.

"ಮೂರನೆಯದು" ಎಂದ ದೊರೆ. "ಅಂಗಳದಲ್ಲಿ ಇಲ್ಲ, ತಾಯಿಯ ತೊಡೆಯ ಮೇಲೆ ಇಲ್ಲ. ದಾದಿಯರು ಸುತ್ತ ಕಾದು ಕೂತರೂ, ಮಗು ಮಲಗಿದೊಡನೆ ಎದೆಯ ಮೇಲೆ ಕೂರುತ್ತದೆ. ಅದೇನು?"

ದಾವಲ ದೊರೆಯ ಪಕ್ಕದಲ್ಲಿದ್ದ ರಾಣಿಯ ಕಡೆ ನೋಡಿದ. ಅವನಿಗೆ ಉತ್ತರ ಗೊತ್ತಿತ್ತು. ಆ ನಾಡಿನಲ್ಲೊಂದು ಪದ್ಧತಿ, ತೀರಿಹೋದವರ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿದು ಮನೆಯ ಮಗುವಿಗೆ ಹೊದಿಸುವುದು. ಹೋದವರು ಕಾಯುತ್ತಾರೆಂಬ ನಂಬಿಕೆ. ರಾಣಿ ಲಕ್ಕಾಂಬೆ ಕೆಂಚರಾಯನ ಅಂಗಿಗಳಿಂದ ಹೊಲಿದ ಕೌದಿಯನ್ನೇ ಬಸವಂತ ಹೊದೆಯುತ್ತಿದ್ದ. ಆಗಲೂ ರಾಣಿ ಅದನ್ನು ಮಗುವಿಗೆ ಹೊದಿಸಿಯೇ ಬಂದು ಕೂತಿದ್ದಳು.

"ಉತ್ತರ ಹೇಳು, ಇಲ್ಲವಾದರೆ ಶೂಲ" ಎಂದ ದೊರೆ.

"ಶೂಲಕ್ಕಂಜಿ ಹೇಳೂದಲ್ಲರಿ, ಕೂಸಿಗಾಗಿ ಹೇಳತೀನಿ. ಅವ್ವಾರ, ಕೂಸಿನ ಆ ಕೌದಿ ತೊಳದು ಎಷ್ಟು ದಿನ ಆತು?"

"ನೀರು ಸೋಕಿಸಿಯೇ ಇಲ್ಲ. ಬಿಸಿಲಿಗೂ ಹಾಕಿಲ್ಲ" ಎಂದಳು ರಾಣಿ. "ನನ್ನ ಕೆಂಚನ ಮೈವಾಸನೆ ಅದರಲ್ಲಿದೆ. ತೊಳೆದರೆ ಅದೂ ಹೋಗುತ್ತದೆ."

"ವಾಸನಿ ಜೋಡಿ ಮೂರು ವರ್ಷದ ಧೂಳೂ ಐತ್ರಿ. ಕಣ್ಣಿಗೆ ಕಾಣದ ಹುಳಾನೂ ಅದಾವು. ಮಲಗಿದಾಗ ಕೂಸಿನ ಎದಿ ಮ್ಯಾಲೆ ಕೂಡೂದು ಅದ."

"ತೊಳೆಯುವುದಿಲ್ಲ" ಎಂದಳು ರಾಣಿ. ಅಷ್ಟರಲ್ಲಿ ಒಳಗೆ ಮಧ್ಯಾಹ್ನದ ನಿದ್ದೆಗೆ ಮಲಗಿಸಿದ್ದ ಮಗು ಎದ್ದು ಕೂತು ಗಾಳಿಗಾಗಿ ಒದ್ದಾಡಿತು, ಅದರ ಪಕ್ಕೆಲುಬು ಎದ್ದೆದ್ದು ಕಂಡವು. ರಾಣಿ ಒಳಗೆ ಓಡಿ ಸತ್ತ ಮಗನ ಬಟ್ಟೆಯನ್ನೂ ಬದುಕಿದ ಮಗನ ಮುಖವನ್ನೂ ನೋಡಿದಳು. ಯಾವ ತಾಯಿಗೂ ಆ ಪಾಡು ಬರಬಾರದು.

ದಾಸಿಯರ ಕೈಗೆ ಕೊಡಲಿಲ್ಲ. ತಾನೇ ಕೊಪ್ಪರಿಗೆಯಲ್ಲಿ ನೀರು ಕುದಿಸಿ ಕೌದಿ ಮುಳುಗಿಸಿದಳು. ನೀರು ಚಹದ ಬಣ್ಣಕ್ಕೆ ತಿರುಗಿತು. ದಾವಲ ಗಾದಿ ಬಿಚ್ಚಿ ಬಿಸಿಲಿಗೆ ಹರವಿದ, ನೆಲಕ್ಕೆ ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದ. ಎರಡು ದಿನ ಬಿಸಿಲು ಕಾಯಿಸಿ ತಂದ ಕೌದಿಗೆ ರಾಣಿ ಮುಖವಿಟ್ಟು ಬಹಳ ಹೊತ್ತು ಮೂಸಿದಳು.

"ಇಲ್ಲ, ಅವನಿಲ್ಲ" ಎಂದು ಅದನ್ನೇ ಬಸವಂತನಿಗೆ ಹೊದಿಸಿದಳು. ಮಗು ಹೊತ್ತು ಇಳಿಯುವವರೆಗೆ ಮಲಗಿತು. ಎದೆ ಸೊಯ್ ಎನ್ನಲಿಲ್ಲ.

"ನಿನಗಿದು ಹೇಗೆ ತಿಳಿಯಿತು? ಏನು ಬೇಕು ಕೇಳು" ಎಂದ ದೊರೆ.

"ನಮ್ಮದು ಒಂದ ಖೋಲಿ ಮನಿರಿ. ಹತ್ತಿ ಹಿಂಜೂದೂ ಅಲ್ಲೇ, ಮಲಗೂದೂ ಅಲ್ಲೇ. ನನ್ನ ತಂಗಿಗೂ ಹಿಂಗ ಆಗತಿತ್ತು. ಹೊಟ್ಟಿಪಾಡು ಅಂತ ಹಿಂಜಿಕೋತ ಕುಂತೆ. ಆಕಿ ಹೋದ ಮ್ಯಾಲ ತಿಳೀತು. ಮನ್ಯಾಗ ಇನ್ನಿಬ್ಬರು ಸಣ್ಣವರದಾರ. ಹತ್ತಿ ಹಿಂಜಾಕ ಊರ ಹೊರಗೊಂದು ಚಪ್ಪರ ಕೊಡ್ರಿ. ಸೆರ್‍ಯಾಗಿನ ಇಬ್ಬರನೂ ಬಿಡ್ರಿ, ತಿಳೀದಿರೂದು ತಪ್ಪಲ್ಲ."

ದೊರೆ ಅಂದೇ ಸೆರೆ ಬಿಡಿಸಿದ. ಪಿಂಜಾರರೆಲ್ಲರಿಗೂ ಸಾಲುವಂತೆ ಊರ ಹೊರಗೆ ದೊಡ್ಡ ಚಪ್ಪರ ಹಾಕಿಸಿದ, ದಾವಲನಿಗೆ ನಾಲ್ಕು ಕೋಣೆಯ ಮನೆ ಕೊಟ್ಟ.

ದಾವಲ ಹೊರಡುವಾಗ ರಾಣಿ ಬಾಗಿಲಿಗೆ ಬಂದಳು. "ನಿನ್ನ ತಂಗಿಯ ಹೆಸರೇನಪ್ಪ?"

ಅವನಿಗೆ ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ದಾವಲ ಹೊಸ್ತಿಲ ಮೇಲೆ ಕೂತ. "ಮಾಲನಬಿ ಅಂತರಿ. ನಾಕು ವರ್ಷ ಆಗಿದ್ದವು."

"ನನ್ನವನಿಗೆ ಆರು" ಎಂದಳು ರಾಣಿ, ಮತ್ತು ಅವನ ಪಕ್ಕದಲ್ಲೇ ನೆಲಕ್ಕೆ ಕೂತು ಅತ್ತಳು.