ಹಲ್ಲಿಯ ಒಂದೇ ಮಾತು

ದೀಪದಲ್ಲಿ ಬೆಳಕಾಗಿ, ಗೋಡೆಯಲ್ಲಿ ತಂಪಾಗಿ ನಿಂತು, ಬಿರುಕಿನೊಳಗಿನ ಹುಳುವಿನ ಹಸಿವನ್ನೂ ಮರೆಯದ ಸ್ವಾಮಿಗೆ ಮೊದಲ ನಮಸ್ಕಾರ. ಅವನು ನೆನಪಿಸಿದಷ್ಟು ಈ ಕಥೆ. ಮರೆತು ಬಿಟ್ಟದ್ದನ್ನು ಅವನೇ ತುಂಬಿಕೊಳ್ಳಲಿ.

ಲೋಕ ಆಗಷ್ಟೇ ಹೊಸದಾಗಿತ್ತು, ಮಕ್ಕಳೇ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಆಗ ಎಲ್ಲರಿಗೂ ಒಂದೇ ಮಾತು. ಇರುವೆ ಹೇಳಿದ್ದು ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರು ಹೇಳಿದ್ದು ಗಾಳಿಗೆ ತಿಳಿಯುತ್ತಿತ್ತು. ಎಂಥ ಕಾಲ ಅದು!

ದೇವರು ಒಬ್ಬೊಬ್ಬರಿಗೂ ಒಂದೊಂದು ಜಾಗ ಕೊಟ್ಟ. ಮೀನಿಗೆ ನೀರು. ಗಿಳಿಗೆ ಮರದ ಪೊಟರೆ. ಹಾವಿಗೆ ಹುತ್ತ. ಕೊನೆಗೆ ಮೂವರು ಉಳಿದರು: ಹಲ್ಲಿ, ಜೇಡ, ಮಣ್ಣಿನ ಗೂಡು ಕಟ್ಟುವ ಕಡಜ.

"ಸ್ವಾಮಿ, ನಮಗೆ?" ಎಂದವು ಮೂರೂ.

"ನಿಮ್ಮ ಜಾಗ ಇನ್ನೂ ಆಗಿಲ್ಲಪ್ಪ. ಆಗುತ್ತೆ. ಸ್ವಲ್ಪ ತಾಳಿ," ಎಂದ ದೇವರು.

ತಾಳಿದವು. ಒಂದು ಬೋಳು ಬಂಡೆಯ ಮೇಲೆ ಬಿಸಿಲು ಕಾಯುತ್ತಾ, ಮಳೆ ನೆನೆಯುತ್ತಾ ತಾಳಿದವು.

ಆ ಬಂಡೆಯ ಪಕ್ಕದಲ್ಲೇ ಸಾವಂತ್ರಕ್ಕ ಮತ್ತು ಅವಳ ಗಂಡ ಓಬಯ್ಯ ಲೋಕದ ಮೊದಲನೆಯ ಮನೆ ಕಟ್ಟಿದರು. ಸಾವಂತ್ರಕ್ಕ ಬಸುರಿ. ಮರದಡಿ ಮಲಗಿ ಸಾಕಾಗಿ, ಹುಟ್ಟುವ ಕೂಸಿಗಾದರೂ ಒಂದು ಸೂರು ಬೇಕು ಎಂದು ಹಟ ಹಿಡಿದವಳು ಅವಳೇ. ಓಬಯ್ಯ ಮಣ್ಣು ತುಳಿದ, ಗೋಡೆ ಎಬ್ಬಿಸಿದ. ಅವಳು ಸಗಣಿ ಸಾರಿಸಿದಳು, ಹೊಸ್ತಿಲಿಗೆ ಕೆಮ್ಮಣ್ಣು ಬಳಿದಳು, ರಂಗೋಲಿ ಎಳೆದಳು. ಸಾರಿಸಿದಲ್ಲೇ ಮತ್ತೆ ಸಾರಿಸಿದಳು. ನಾಳೆ ಒಳಗೆ ದೇವರನ್ನು ಕರೆಯಬೇಕು, ಒಂದು ಧೂಳಿನ ಕಣವೂ ಇರಬಾರದು ಎಂಬುದು ಅವಳ ಆಸೆ.

ಗೃಹಪ್ರವೇಶದ ದಿನ ಬೆಳಿಗ್ಗೆ ಬಾಗಿಲಲ್ಲಿ ಮೂವರು ನಿಂತಿದ್ದರು.

"ಅಕ್ಕಾ, ದೇವರು ಹೇಳಿದ್ದ ಜಾಗ ಇದೇ ಇರಬೇಕು," ಎಂದಿತು ಹಲ್ಲಿ. "ನನಗೆ ಜಂತೆಯ ಹಿಂದೆ ಒಂದು ಗೇಣು ಸಾಕು."

"ನನಗೆ ಕಿಟಕಿಯ ಮೂಲೆ," ಎಂದಿತು ಜೇಡ.

"ನನಗೆ ಬಾಗಿಲ ಮೇಲೆ ಒಂದು ಹಿಡಿ ಮಣ್ಣು ಅಂಟಿಸುವಷ್ಟು," ಎಂದಿತು ಕಡಜ.

ಸಾವಂತ್ರಕ್ಕ ಪೊರಕೆ ಎತ್ತಿಕೊಂಡಳು. "ಇದು ದೇವರು ಬರೋ ಮನೆ. ಹುಳ ಹುಪ್ಪಟೆಗೆ ಅಲ್ಲ! ನಡೀರಿ, ನಡೀರಿ!"

ಜೇಡ ಓಡಿತು, ಕಡಜ ಹಾರಿತು. ಹಲ್ಲಿ ಮಾತ್ರ, ಇನ್ನೊಂದು ಸಲ ಕೇಳಿದರೆ ಒಪ್ಪಿಯಾಳು ಎಂದು ಒಂದು ಗಳಿಗೆ ನಿಂತಿತು. ಆ ಒಂದು ಗಳಿಗೆಯಲ್ಲಿ ಪೊರಕೆ ಬಿತ್ತು. ಹಲ್ಲಿ ಅತ್ತ ಹೋಯಿತು, ಬಾಲ ಇತ್ತ ಉಳಿಯಿತು. ರಂಗೋಲಿಯ ನಡುವೆ ಬಿದ್ದ ಬಾಲ ಪಟಪಟ ಕುಣಿಯುತ್ತಿತ್ತು.

"ಏನೇ ಸಾವಂತ್ರಿ, ನಿನ್ನ ಮನೆಗೆ ಬಂದ ಮೊದಲನೇ ನೆಂಟರಿಗೆ ಒಳ್ಳೇ ಮರ್ಯಾದೆ ಮಾಡಿದೆ," ಎಂದು ಓಬಯ್ಯ ನಕ್ಕ. "ಬಾಲ ನೋಡು, ಹೋಗೋಕೆ ಮನಸ್ಸಿಲ್ಲ ಅದಕ್ಕೆ."

"ಸುಮ್ನಿರಿ, ಅದನ್ನ ಎತ್ತಿ ಆಚೆ ಹಾಕಿ," ಎಂದಳು ಅವಳು. ಆದರೆ ಅಂದು ದೇವರಿಗೆ ಕೈ ಮುಗಿದಾಗಲೂ ಆ ಬಾಲ ಕಣ್ಣೆದುರು ಕುಣಿಯುತ್ತಲೇ ಇತ್ತು.

ದಿನ ತುಂಬುವ ಮೊದಲೇ ಕೂಸು ಹುಟ್ಟಿತು. ಗಂಡು ಕೂಸು, ಕಪ್ಪಗೆ, ಅಂಗೈಯಗಲ. ಅಳಲೂ ಶಕ್ತಿಯಿಲ್ಲ, ಮೈ ತಣ್ಣಗೆ. ಹೊರಗೆ ಮೊದಲ ಮಳೆಗಾಲ ಕವಿದು ಬರುತ್ತಿತ್ತು.

ಸೂರ್ಯ ಕಿಟಕಿಯಲ್ಲಿ ಇಣುಕಿದ. "ತಾಯಿ, ಮೋಡಗಳು ನನ್ನನ್ನು ಹನ್ನೊಂದು ದಿನ ಬಿಡುವುದಿಲ್ಲ. ನನ್ನ ಬೆಂಕಿಯ ಈ ಒಂದು ಕುಡಿ ಇಟ್ಟುಕೋ. ಲೋಕದಲ್ಲಿ ಬೇರೆ ಬೆಂಕಿ ಇಲ್ಲ. ಇದು ಆರದೆ ಇದ್ದರೆ ನಿನ್ನ ಕೂಸು ಉಳಿಯುತ್ತೆ."

ಸಾವಂತ್ರಕ್ಕ ಆ ಕುಡಿಯನ್ನು ಹಣತೆಯಲ್ಲಿಟ್ಟು ಎಣ್ಣೆ ಹೊಯ್ದಳು. ಬಟ್ಟೆಯನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ ಕೂಸಿನ ಹೊಟ್ಟೆಗೆ ಒತ್ತಿದಳು, ಬೆನ್ನಿಗೆ ಒತ್ತಿದಳು. ಹಿಡಿದಳು, ಒತ್ತಿದಳು. ಹಿಡಿದಳು, ಒತ್ತಿದಳು. ಎರಡನೆಯ ದಿನ ಕೂಸು ಹಾಲು ಕುಡಿಯಿತು.

ಮೂರನೆಯ ದಿನ ಮುಸ್ಸಂಜೆ, ಮಳೆ ನಿಂತ ಗಳಿಗೆಯಲ್ಲಿ, ನೆಲದಿಂದ ಮಳೆಹುಳಗಳು ಎದ್ದವು. ಕತ್ತಲ ಲೋಕದಲ್ಲಿ ಇದ್ದದ್ದು ಒಂದೇ ದೀಪ. ಎಲ್ಲವೂ ಅಲ್ಲಿಗೇ ಬಂದವು. ಕಿಟಕಿಯಿಂದ ಬಂದವು, ಬಾಗಿಲಿಂದ ಬಂದವು, ಗೋಡೆಯ ಬಿರುಕಿನಿಂದ ಬಂದವು. ರೆಕ್ಕೆ ಉದುರಿಸುತ್ತಾ ಎಣ್ಣೆಗೆ ಬಿದ್ದವು, ಬತ್ತಿಗೆ ಬಿದ್ದವು. ದೀಪ ಚಟಚಟ ಎಂದು ಕುಗ್ಗಿತು.

ಓಬಯ್ಯ ಹೆಗಲ ಬಟ್ಟೆ ಬೀಸಿದ. ಕುಡಿ ಇನ್ನೂ ಬಾಗಿತು.

"ಬೀಸಬೇಡಿ, ಬೀಸಬೇಡಿ! ಆರಿ ಹೋಗುತ್ತೆ!"

ಸಾವಂತ್ರಕ್ಕ ಗಾಳಿಯನ್ನು ಕರೆದಳು. "ಗಾಳಿಯಪ್ಪಾ, ಈ ಹುಳಗಳನ್ನ ಆಚೆ ತಳ್ಳು."

"ತಳ್ಳುತ್ತೇನೆ ತಾಯಿ. ಆದರೆ ಜೊತೆಗೆ ದೀಪವೂ ಹೋಗುತ್ತೆ."

ಹೊಳೆಯನ್ನು ಕರೆದಳು. "ಹೊಳೆಯಮ್ಮಾ, ಇವನ್ನ ಕೊಚ್ಚಿಕೊಂಡು ಹೋಗು."

"ಬರುತ್ತೇನೆ ಮಗಳೇ. ಆದರೆ ನಾನು ಬಂದರೆ ಮನೆಯೇ ಹೋಗುತ್ತೆ."

ಕುಡಿ ಸಾಸಿವೆ ಕಾಳಿನಷ್ಟಾಯಿತು. ಕೂಸಿನ ಅಂಗಾಲು ತಣ್ಣಗಾಗತೊಡಗಿತು. ಆಗ ಅವಳು ದೇವರನ್ನೇ ಕರೆದಳು. "ಸ್ವಾಮಿ, ಇಷ್ಟು ಚೊಕ್ಕಟ ಮಾಡಿ ಕರೆದೆನಲ್ಲ, ನೀನು ಬರಲೇ ಇಲ್ಲವಲ್ಲ!"

ಹೇಳುತ್ತಿದ್ದ ಹಾಗೇ ಅವಳ ಕಣ್ಣು ಹೊಸ್ತಿಲಿನತ್ತ ಹೋಯಿತು. ರಂಗೋಲಿಯ ನಡುವೆ ಕುಣಿದ ಬಾಲ ನೆನಪಾಯಿತು. ದೇವರು ಕಳಿಸಿದವರು ಬಂದಿದ್ದರು. ಅವಳೇ ಗುಡಿಸಿ ಆಚೆ ಹಾಕಿದ್ದಳು.

ಸಾವಂತ್ರಕ್ಕ ಬಾಗಿಲಿಗೆ ಓಡಿದಳು. ಸೂರಿನ ಕೆಳಗೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ಮೂವರೂ ನೆನೆದುಕೊಂಡು ಕೂತಿದ್ದರು.

"ಏನಕ್ಕಾ, ಕಸ ಗುಡಿಸಿ ಮುಗೀತಾ?" ಎಂದಿತು ಜೇಡ.

"ಮುಗೀತಮ್ಮ," ಎಂದಳು ಸಾವಂತ್ರಕ್ಕ, ಕಣ್ಣಲ್ಲಿ ನೀರು ತಂದುಕೊಂಡು. "ತಪ್ಪಾಯ್ತು. ಒಳಗೆ ಬನ್ನಿ. ನನ್ನ ಕೂಸು ತಣ್ಣಗಾಗ್ತಿದೆ."

ಜೇಡ ಹಲ್ಲಿಯ ಮುಖ ನೋಡಿತು. ಕಡಜವೂ ನೋಡಿತು. ಬಾಲ ಕಳೆದುಕೊಂಡದ್ದು ಅದು ತಾನೆ, ಹೇಳಬೇಕಾದದ್ದೂ ಅದೇ.

"ಕೂಸು ತಣ್ಣಗಾಗ್ತಿದೆ ಅಂತ ಮೊದಲೇ ಕೂಗಬಾರದಿತ್ತೇ ಅಕ್ಕಾ?" ಎಂದಿತು ಹಲ್ಲಿ. ಅಷ್ಟು ಹೇಳಿ ಸರಸರನೆ ಒಳಗೆ ಹೋಯಿತು.

ಜೇಡ ಕಿಟಕಿಗೂ ಬಾಗಿಲಿಗೂ ಬಲೆಯ ಪರದೆ ಎಳೆಯಿತು. ಕಡಜ ಹಸಿ ಮಣ್ಣು ತಂದು ಬಿರುಕು ಮುಚ್ಚಿತು. ಹಲ್ಲಿ ಗೋಡೆ ಹತ್ತಿ ದೀಪದ ಪಕ್ಕ ಕೂತಿತು. ಒಂದು ಹುಳ ಬಂತು, ಗುಳುಂ. ಇನ್ನೊಂದು ಬಂತು, ಗುಳುಂ. ಹೊಟ್ಟೆ ಉಬ್ಬಿ ನಗಾರಿಯಂತಾದರೂ ಅದು ಜಾಗ ಬಿಟ್ಟು ಕದಲಲಿಲ್ಲ. ಸಾಸಿವೆಯಷ್ಟಿದ್ದ ಕುಡಿ ಕಡಲೆಯಷ್ಟಾಯಿತು, ಕಡಲೆಯಷ್ಟಿದ್ದದ್ದು ಮಲ್ಲಿಗೆ ಮೊಗ್ಗಿನಷ್ಟಾಯಿತು. ಸಾವಂತ್ರಕ್ಕ ಬಟ್ಟೆ ಹಿಡಿದಳು, ಒತ್ತಿದಳು. ಕೂಸಿನ ಅಂಗಾಲು ಮತ್ತೆ ಬೆಚ್ಚಗಾಯಿತು.

ಅಂದಿನಿಂದ ಪ್ರತಿ ಸಂಜೆ ಹಲ್ಲಿಯ ಕಾವಲು. ಬಾಣಂತಿಗೆ ಜೋಂಪು ಹತ್ತುತ್ತಿತ್ತು. ಜಂತೆಯಿಂದ ಹಲ್ಲಿ ಕೇಳುತ್ತಿತ್ತು, "ಅಕ್ಕಾ, ಕೂಸು ಬೆಚ್ಚಗಿದೆಯಾ?"

"ಶ್, ಮೆಲ್ಲಗೆ! ಈಗ ಮಲಗಿದೆ," ಎನ್ನುತ್ತಿದ್ದಳು ಅವಳು.

ಅದಕ್ಕೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಹಲ್ಲಿ ನಾಲಿಗೆಯಲ್ಲಿ ಮೆಲ್ಲಗೆ ಲೊಚ್ ಲೊಚ್ ಎನ್ನಬೇಕು. ಸಾವಂತ್ರಕ್ಕ ಬೆರಳಿನಿಂದ ನೆಲವನ್ನು ಮೂರು ಸಲ ತಟ್ಟಬೇಕು. ದೀಪ ಇದೆ, ಕೂಸು ಇದೆ, ನಾನಿದ್ದೀನಿ ಎಂದು ಅದರ ಅರ್ಥ.

ಹನ್ನೆರಡನೆಯ ದಿನ ಸೂರ್ಯ ಬಂದ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಕಪ್ಪು ಕೂಸಿಗೆ ದೇವರದೇ ಹೆಸರು, ಕೃಷ್ಣ. ಹೆಸರು ಕರೆದ ಕೂಡಲೇ ಜಂತೆಯಿಂದ ಲೊಚ್ ಲೊಚ್ ಕೇಳಿಸಿತು. ಸಾವಂತ್ರಕ್ಕ ನೆಲ ತಟ್ಟಿ, "ಕೃಷ್ಣ, ಕೃಷ್ಣ," ಎಂದಳು.

"ಅಲ್ಲಿ ನೋಡೇ, ನಿನ್ನ ನೆಂಟರಿಗೆ ಬಾಲ ಚಿಗುರುತ್ತಿದೆ," ಎಂದ ಓಬಯ್ಯ.

ನಿಜವಾಗಿಯೂ ಚಿಗುರುತ್ತಿತ್ತು. ಹಲ್ಲಿ ಮುರಿದ ಮೈಯಲ್ಲೇ ಬೇರೆಯವರ ಕೂಸಿಗಾಗಿ ದುಡಿದದ್ದನ್ನು ದೇವರು ನೋಡಿದ್ದ. "ಇನ್ನು ನಿನ್ನ ಬಾಲ ಎಷ್ಟು ಸಲ ಬಿದ್ದರೂ ಮತ್ತೆ ಬರಲಿ," ಎಂದಿದ್ದ.

ವರ್ಷಗಳು ಹೋದವು, ಮಕ್ಕಳೇ. ಲೋಕಕ್ಕೆ ವಯಸ್ಸಾಯಿತು. ಒಂದೇ ಇದ್ದ ಮಾತು ಹರಿದು ಹಂಚಿಹೋಯಿತು. ಹೊಳೆ ಹೇಳುವುದು ತಿಳಿಯದಾಯಿತು. ಗಾಳಿ ಹೇಳುವುದು ತಿಳಿಯದಾಯಿತು. ಜೇಡ ಮೌನವಾಯಿತು, ಕಡಜಕ್ಕೆ ಗುಂಯ್ ಎನ್ನುವುದಷ್ಟೇ ಉಳಿಯಿತು. ಮುದುಕಿಯಾದ ಸಾವಂತ್ರಕ್ಕ ಕಂಬಕ್ಕೆ ಒರಗಿ ಕೂತು, ಎಲ್ಲರೂ ಮಾತಾಡುತ್ತಿದ್ದ ಆ ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ಜಂತೆಯಿಂದ, ಆ ಹಲ್ಲಿಯ ಮೊಮ್ಮಗಳೋ ಮರಿಮಗಳೋ, ಲೊಚ್ ಲೊಚ್ ಎನ್ನುತ್ತಿತ್ತು. ಮಿಕ್ಕ ಮಾತೆಲ್ಲ ಹೋದರೂ ಅದೊಂದು ಉಳಿದಿತ್ತು. ಕೃಷ್ಣನ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಸಾವಂತ್ರಕ್ಕ ಸುಕ್ಕುಗಟ್ಟಿದ ಬೆರಳಿನಿಂದ ನೆಲ ತಟ್ಟುತ್ತಿದ್ದಳು: ದೀಪ ಇದೆ, ಕೂಸು ಇದೆ, ನಾನಿದ್ದೀನಿ.

ಅದಕ್ಕೇ ಇಂದಿಗೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಲ್ಲಿ ಗೋಡೆಗೆ ಬಂದು ಲೊಚ್ ಲೊಚ್ ಎನ್ನುತ್ತದೆ, ಮತ್ತು ನಿಮ್ಮ ಅಜ್ಜಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಬೆರಳಿನಿಂದ ನೆಲ ತಟ್ಟಿ, "ಕೃಷ್ಣ, ಕೃಷ್ಣ," ಎನ್ನುತ್ತಾರೆ.

ಈ ಕಥೆ ಕೇಳಿದವರ ಮನೆಯಲ್ಲಿ ದೀಪ ಆರದಿರಲಿ, ತೊಟ್ಟಿಲು ತಣ್ಣಗಾಗದಿರಲಿ, ಜಂತೆಯ ಹಿಂದೆ ಒಂದು ಗೇಣು ಜಾಗ ಸದಾ ಉಳಿದಿರಲಿ; ಸ್ವಾಮಿ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.